ಮಡಿಲು ಸಾಲದು, ಕೂಸಿಗೆ ಪೀಠ ಬೇಕು

ಮೇ ತಿಂಗಳು ಸಮೀಪಿಸಿತೆಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಊರಿನ ಪ್ರಯಾಣದ ಸಿದ್ಧತೆ ಆರಂಭವಾಗುತ್ತದೆ. ರೈಲಿನ ಟಿಕೆಟು ದೊರೆಯದವರು ಕೆಲವರು ಕೂಡಿ ಬಾಡಿಗೆಯ ಕಾರನ್ನು ಗೊತ್ತುಮಾಡಿ, ಪನವೇಲಿನ ಮಾರ್ಗವಾಗಿ ಉಡುಪಿ, ಕುಂದಾಪುರಗಳತ್ತ ಹೊರಡುವರು. ಹಸುಗೂಸು ತಾಯಿಯ ಮಡಿಲಲ್ಲಿ. ಒಮ್ಮೊಮ್ಮೆ ಮುಂದಿನ ಆಸನದಲ್ಲಿ ತಂದೆಯ ತೊಡೆಯ ಮೇಲೆ. ಅದಕ್ಕಿಂತ ಕ್ಷೇಮವಾದ ತಾಣವುಂಟೇ ಎಂಬುದು ನಮ್ಮೆಲ್ಲರ ನಂಬಿಕೆ.

ಈ ನಂಬಿಕೆ ಎಷ್ಟು ಅಪಾಯಕರವೆಂಬುದನ್ನು 2024ರ ಡಿಸೆಂಬರಿನಲ್ಲಿ ವಾಶಿಯಲ್ಲಿ ನಡೆದ ದುರ್ಘಟನೆ ತೋರಿಸಿಕೊಟ್ಟಿತು. ಮುಂದಿನ ಆಸನದಲ್ಲಿದ್ದ ಆರು ವರ್ಷದ ಬಾಲಕನೊಬ್ಬನು, ಅಪಘಾತವಾದೊಡನೆ ಬಿಚ್ಚಿಕೊಂಡ ಏರ್‌ಬ್ಯಾಗ್ ಎಂಬ ಗಾಳಿಚೀಲದ ಹೊಡೆತಕ್ಕೆ ಸಿಕ್ಕಿ ಅಸುನೀಗಿದನು. ದೊಡ್ಡವರ ಪ್ರಾಣರಕ್ಷಣೆಗೆಂದು ಇರಿಸಿದ ಸಾಧನವೇ ಮಗುವಿಗೆ ಮೃತ್ಯುವಾಯಿತು.

ಲೆಕ್ಕ ಬಲ್ಲ ನಮ್ಮ ಗುಮಾಸ್ತ ಬಂಧುಗಳು ಇದನ್ನೂ ಲೆಕ್ಕ ಹಾಕಿ ನೋಡಲಿ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಗೋಡೆಗೆ ಬಡಿಯುವುದು ಸುಮಾರು 10 ಮೀಟರ್ ಎತ್ತರದಿಂದ, ಎಂದರೆ ಚಾಳಿನ ಮೂರನೆಯ ಮಾಳಿಗೆಯಿಂದ, ಬೀಳುವುದಕ್ಕೆ ಸಮ. ಆ ವೇಗದ ಕಾರು ಸೆಕೆಂಡಿನ ಹತ್ತನೆಯ ಒಂದು ಪಾಲಿನಲ್ಲಿ ನಿಂತರೆ, 10 ಕಿಲೋ ತೂಕದ ಕೂಸನ್ನು ಹಿಡಿದಿಡಲು ಸುಮಾರು 140 ಕಿಲೋ ಭಾರವನ್ನು ತಡೆಯುವಷ್ಟು ಬಲ ಬೇಕು. ಅಕ್ಕಿಯ ಮೂಟೆ ಹೊತ್ತು ಪಳಗಿದ ತೋಳುಗಳಿಗೂ ಅದು ಅಸಾಧ್ಯ. ತಾಯಿಯ ಬೆಲ್ಟಿನೊಳಗೆ ಮಗುವನ್ನೂ ಸೇರಿಸಿ ಬಿಗಿದರೆ ತಾಯಿಯ ಭಾರವೇ ಅದನ್ನು ಜಜ್ಜೀತು.

ಇದಕ್ಕೆ ಉಪಾಯವನ್ನು ಸ್ವೀಡನ್ನಿನ ಬರ್ಟಿಲ್ ಆಲ್ಡ್‌ಮನ್ ಎಂಬವರು 1960ರ ದಶಕದಲ್ಲಿಯೇ ಕಂಡುಕೊಂಡರು. ಗಗನಯಾತ್ರಿಗಳ ಪೀಠವನ್ನು ಕಂಡು ಪ್ರೇರಿತರಾದ ಅವರು, ಕಾರಿನ ಹಿಂಬದಿಗೆ ಮುಖಮಾಡಿದ ಶಿಶುಪೀಠವನ್ನು ರೂಪಿಸಿದರು. ಕೂಸಿನ ತಲೆ ದೊಡ್ಡದು, ಕತ್ತು ಎಳೆಯದು. ಹಿಮ್ಮುಖವಾಗಿ ಕುಳಿತಾಗ ಎದುರಿನಿಂದ ಬಂದ ಆಘಾತ ಕತ್ತಿನ ಮೇಲೆ ಬೀಳದೆ ಬೆನ್ನಿಗೆಲ್ಲ ಹಂಚಿಹೋಗುತ್ತದೆ. ಈ ಪೀಠ ಹಿಂದಿನ ಆಸನದಲ್ಲಿಯೇ ಇರಬೇಕು. ಗಾಳಿಚೀಲದ ಎದುರಿಗೆ ಎಂದಿಗೂ ಸಲ್ಲದು.

2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಂತೆ, 14 ವರ್ಷದೊಳಗಿನ ಮಗುವನ್ನು ಬೆಲ್ಟಿನಿಂದಾಗಲಿ ಶಿಶುಪೀಠದಿಂದಾಗಲಿ ಭದ್ರಪಡಿಸದೆ ವಾಹನ ನಡೆಸಿದರೆ 1000 ರೂಪಾಯಿ ದಂಡವುಂಟು. ಆದರೆ ದಂಡದ ಭಯಕ್ಕಿಂತ ಮಗುವಿನ ಮಮತೆ ದೊಡ್ಡದಲ್ಲವೇ?

ಪೀಠದ ಬೆಲೆ ನಮ್ಮ ಸಂಬಳಕ್ಕೆ ಭಾರವೆಂಬುದು ನಿಜ. ನೆಂಟರಲ್ಲಿ ನಾಲ್ಕು ಮನೆಯವರು ಕೂಡಿ ಒಂದನ್ನು ಕೊಳ್ಳಬಹುದು; ತೊಟ್ಟಿಲು ಮನೆಯಿಂದ ಮನೆಗೆ ಹೋಗುವಂತೆ ಅದೂ ಹೋಗಲಿ. ಅಪಘಾತಕ್ಕೆ ಸಿಕ್ಕಿದ ಪೀಠವನ್ನು ಮಾತ್ರ ಮತ್ತೆ ಬಳಸಬಾರದು. ಅದೂ ಒದಗದಿದ್ದರೆ, ಎಳೆಗೂಸಿರುವವರು ಎರಡು ದಿನ ತಡವಾದರೂ ಕೊಂಕಣ ರೈಲಿನಲ್ಲಿಯೇ ಹೋಗಲಿ. ಊರಿನಲ್ಲಿ ಕಾದಿರುವ ಅಜ್ಜಿಗೆ ಬೇಕಾದುದು ಮೊಮ್ಮಗುವೇ ಹೊರತು ಬೇಗ ತಲುಪಿದ ಕಾರಲ್ಲ.