ಬೀಳುವ ಭಯವನ್ನು ಗೆಲ್ಲುವ ವ್ಯಾಯಾಮ

ಮನೆಯ ಹಿರಿಯರು ಒಮ್ಮೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರೆಂದರೆ, ಮೂಳೆ ಮುರಿಯದಿದ್ದರೂ ಎಲ್ಲರ ಮನಸ್ಸಿನಲ್ಲಿ ಅಂಜಿಕೆ ಉಳಿದುಬಿಡುತ್ತದೆ. "ನೀವು ಏಳಬೇಡಿ, ಬೇಕಾದುದನ್ನು ನಾವೇ ತಂದುಕೊಡುತ್ತೇವೆ" ಎಂಬ ಮಾತು ಅಂದಿನಿಂದ ನಿತ್ಯದ್ದಾಗುತ್ತದೆ. ಪ್ರೀತಿಯಿಂದ ಆಡಿದ ಈ ಮಾತೇ ಅವರು ಮತ್ತೆ ಬೀಳಲು ಕಾರಣವಾಗಬಹುದು.

ಭಯದಿಂದ ದೌರ್ಬಲ್ಯ

ಬೀಳುವೆನೆಂಬ ಭಯದಿಂದ ಹಿರಿಯರು ನಡೆದಾಡುವುದನ್ನು ಕಡಿಮೆ ಮಾಡುತ್ತಾರೆ. ಬಳಕೆಯಿಲ್ಲದ ಕಾಲಿನ ಸ್ನಾಯುಗಳು ಬಲಗುಂದುತ್ತವೆ, ದೇಹದ ಸಮತೋಲನ ತಪ್ಪುತ್ತದೆ. ಆಗ ಬೀಳುವ ಸಂಭವವೂ ಅದರೊಡನೆ ಭಯವೂ ಇನ್ನಷ್ಟು ಹೆಚ್ಚುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ನೀಡಿದ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿವರ್ಷ ಸುಮಾರು 6,84,000 ಜನರು ಬಿದ್ದು ಸಾವಿಗೀಡಾಗುತ್ತಾರೆ. ಇವರಲ್ಲಿ 60 ವರ್ಷ ಮೀರಿದವರೇ ಹೆಚ್ಚು.

ಈ ವಿಷವರ್ತುಲವನ್ನು ಮುರಿಯಲು ವ್ಯಾಯಾಮವು ಪರಿಣಾಮಕಾರಿ ಸಾಧನ. 108 ಪ್ರಯೋಗಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯ ಪ್ರಕಾರ, ವ್ಯಾಯಾಮವು ಹಿರಿಯರು ಬೀಳುವ ಪ್ರಮಾಣವನ್ನು ಸುಮಾರು ಶೇಕಡ 23ರಷ್ಟು ತಗ್ಗಿಸುತ್ತದೆ.

ಆತ್ಮವಿಶ್ವಾಸ ಬೆಳೆಸುವ ಕ್ರಮ

"ಹೆದರಬೇಡಿ" ಎಂದು ಹೇಳಿದ ಮಾತ್ರಕ್ಕೆ ಧೈರ್ಯ ಬರುವುದಿಲ್ಲ. ತಾನೇ ಮಾಡಿ ಯಶಸ್ವಿಯಾದಾಗ ಅದು ಬರುತ್ತದೆ. ಆದುದರಿಂದ ಸುಲಭವಾದುದರಿಂದ ಆರಂಭಿಸಿ ಹಂತಹಂತವಾಗಿ ಮುಂದುವರಿಯಬೇಕು.

1. ಗೋಡೆಗೆ ಒರಗಿಸಿಟ್ಟ, ಕೈಯುಳ್ಳ ಗಟ್ಟಿ ಕುರ್ಚಿಯಿಂದ ನಿಧಾನವಾಗಿ ಎದ್ದು ಕುಳಿತುಕೊಳ್ಳುವುದು. ಮೊದಲು ಐದು ಬಾರಿ ಸಾಕು.

2. ಅಡುಗೆಮನೆಯ ಕಟ್ಟೆಯನ್ನು ಹಿಡಿದು ನಿಂತು ಹಿಮ್ಮಡಿಗಳನ್ನು ಮೇಲೆತ್ತಿ ಇಳಿಸುವುದು.

3. ಅದೇ ಕಟ್ಟೆಯ ಆಸರೆಯಲ್ಲಿ ಪಕ್ಕಕ್ಕೆ ಹೆಜ್ಜೆಯಿಡುವುದು.

4. ಒಂದು ಪಾದದ ಮುಂದೆ ಇನ್ನೊಂದನ್ನು ಇಟ್ಟು ಹತ್ತು ಎಣಿಸುವವರೆಗೆ ನಿಲ್ಲುವುದು. ಮೊದಲು ಎರಡು ಕೈಗಳಿಂದ, ಅಭ್ಯಾಸವಾದ ಮೇಲೆ ಒಂದು ಕೈಯಿಂದ, ಅನಂತರ ಬೆರಳ ತುದಿಯಿಂದ ಮಾತ್ರ ಹಿಡಿಯುವುದು.

ಸಮತೋಲನ ಮತ್ತು ಬಲವನ್ನು ಹೆಚ್ಚಿಸುವ ಇಂತಹ ವ್ಯಾಯಾಮವನ್ನು ವಾರಕ್ಕೆ ಕನಿಷ್ಠ ಮೂರು ದಿನ ಮಾಡುವುದು ಒಳ್ಳೆಯದು. ಎಷ್ಟು ಬಾರಿ ಮಾಡಿದಿರೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಪ್ರಗತಿ ಕಣ್ಣಿಗೆ ಕಾಣುತ್ತದೆ, ಉತ್ಸಾಹ ಹೆಚ್ಚುತ್ತದೆ.

ಬಿದ್ದರೆ ಏಳುವ ಬಗೆಯನ್ನೂ ಕಲಿತಿರಬೇಕು. ಪೆಟ್ಟಾಗಿಲ್ಲವೆಂದು ಖಚಿತವಾದ ಮೇಲೆ ಪಕ್ಕಕ್ಕೆ ಹೊರಳಿ, ಕೈ ಮತ್ತು ಮೊಣಕಾಲುಗಳ ಮೇಲೆ ಬಂದು, ಕುರ್ಚಿಯನ್ನು ಹಿಡಿದು, ಒಂದು ಪಾದವನ್ನು ಮುಂದೂರಿ ಮೇಲೇಳಬೇಕು. ತೀವ್ರ ನೋವಿದ್ದರೆ ಅಲುಗಾಡದೆ ನೆರವಿಗೆ ಕರೆಯಬೇಕು.

ಎಚ್ಚರಿಕೆಗಳು

ಹಿಂದೆ ಬಿದ್ದವರು, ಹೃದ್ರೋಗ ಅಥವಾ ತೀವ್ರ ಕೀಲುನೋವು ಇರುವವರು ಮೊದಲು ವೈದ್ಯರ ಸಲಹೆ ಪಡೆಯಬೇಕು. ಎದೆನೋವು, ತಲೆಸುತ್ತು, ಉಸಿರುಗಟ್ಟುವಿಕೆ ಕಂಡುಬಂದರೆ ವ್ಯಾಯಾಮವನ್ನು ಕೂಡಲೇ ನಿಲ್ಲಿಸಬೇಕು. ನಿದ್ರೆಯ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ ತಲೆಸುತ್ತು ಬರಬಹುದು. ಅಂತಹ ಸಂದರ್ಭದಲ್ಲಿ ಮಾತ್ರೆಯನ್ನು ತಾವಾಗಿಯೇ ಬಿಡದೆ ವೈದ್ಯರಿಗೆ ತಿಳಿಸಬೇಕು. ಒದ್ದೆ ನೆಲ, ಸವೆದ ಚಪ್ಪಲಿ, ರಾತ್ರಿಯ ಕತ್ತಲೆ ಇವುಗಳತ್ತಲೂ ಗಮನವಿರಲಿ.

ಮನೆಯವರ ಪಾತ್ರ

ಹಿರಿಯರ ಎಲ್ಲ ಕೆಲಸವನ್ನೂ ತಾವೇ ಮಾಡಿಕೊಡುವ ಬದಲು, ಅವರು ಮಾಡುವಾಗ ಪಕ್ಕದಲ್ಲಿ ನಿಲ್ಲುವುದು ಲೇಸು. ವಠಾರದ ಅಥವಾ ಕನ್ನಡ ಸಂಘದ ಗೆಳೆಯರು ಒಟ್ಟುಗೂಡಿ ಅಭ್ಯಾಸ ಮಾಡಿದರೆ ಬೇಸರವಿರದು. ಹಿರಿಯರಿಗೆ ಲಭ್ಯವಿರುವ ಸೇವೆಗಳ ಮಾಹಿತಿಗಾಗಿ ರಾಷ್ಟ್ರೀಯ ಸಹಾಯವಾಣಿ 14567ನ್ನು ಸಂಪರ್ಕಿಸಬಹುದು. ಇಂದು ಕುರ್ಚಿಯಿಂದ ತಾವೇ ಎದ್ದವರು ನಾಳೆ ಬಾಗಿಲವರೆಗೂ, ಮುಂದೊಂದು ದಿನ ಬೀದಿಯ ಕೊನೆಯವರೆಗೂ ನಿರ್ಭಯವಾಗಿ ನಡೆಯಬಲ್ಲರು.