ಪಡುವಣ ಗೋಡೆಯ ಪೊಲ್ಲಿಲೂರು

ಇಡೀ ಒಂದು ಯುದ್ಧ, ಒಂದೇ ಗೋಡೆಯ ಮೇಲೆ! ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಡುವಣ ಜಗಲಿಗೆ ಕಾಲಿಟ್ಟ ಮಗುವಿಗೆ ಎಲ್ಲಿಂದ ನೋಡಬೇಕೆಂಬುದೇ ತಿಳಿಯದು. ಆನೆ, ಕುದುರೆ, ಈಟಿ, ಕತ್ತಿ, ಉರುಳಿದ ತಲೆಗಳು. ಹತ್ತಿರದವನು ದೊಡ್ಡವನು, ದೂರದವನು ಚಿಕ್ಕವನು ಎಂಬ ಲೆಕ್ಕವಿಲ್ಲ. ಎಲ್ಲರೂ ಒಟ್ಟಿಗೇ ಕಣ್ಣಿಗೆ ನುಗ್ಗುತ್ತಾರೆ. ಶಾಲೆಯ ಪ್ರವಾಸದಲ್ಲಿ ಅದನ್ನು ಮೊದಲು ಕಂಡಾಗ ಮೇಷ್ಟ್ರು "ಸಾಲು ಬಿಡಬೇಡ್ರೋ, ಮುಂದೆ ನಡೀರೋ" ಎಂದು ಕೂಗುತ್ತಲೇ ಇದ್ದರು. ನಾನು ಕದಲಲೇ ಇಲ್ಲ.

ಕದಲುವುದಾದರೂ ಹೇಗೆ? ಗೋಡೆಯಲ್ಲೊಂದು ಚೌಕ. ಈಸ್ಟ್ ಇಂಡಿಯಾ ಕಂಪನಿಯ ಕೆಂಪು ಅಂಗಿಯ ಸಿಪಾಯಿಗಳು ನಾಲ್ಕೂ ಕಡೆ ಬಂದೂಕು ಚಾಚಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿ, ಅದರೊಳಗೆ ಅವರ ನಾಯಕ, ಗಾಯಗೊಂಡ ಕರ್ನಲ್ ಬೇಲಿ, ಬೆರಳು ಬಾಯಿಗಿಟ್ಟುಕೊಂಡು! ಅಲ್ಲೇ ಮದ್ದಿನ ಬಂಡಿ ಧಗ್ಗನೆ ಸಿಡಿಯುತ್ತಿದೆ. ಮೈಸೂರಿನ ಕಡೆಯ ಫ್ರೆಂಚ್ ಸೇನಾನಿ ಲಾಲಿ ದುರ್ಬೀನು ಹಿಡಿದು ಅದನ್ನೇ ನೋಡುತ್ತಿದ್ದಾನೆ. ಇಷ್ಟೆಲ್ಲ ಗದ್ದಲದಲ್ಲಿ ಟಿಪ್ಪುವಿನ ಕೈಯಲ್ಲಿರುವುದು ಗುಲಾಬಿ ಹೂವು! ಆ ಗುಲಾಬಿಯನ್ನು ಹುಡುಕಿ ಗೆಳೆಯರಿಗೆ ತೋರಿಸಿದ ಸಂಭ್ರಮ ಇಂದಿಗೂ ಮಾಸಿಲ್ಲ.

ಅದು 1780ರ ಸೆಪ್ಟೆಂಬರ್ 10, ಕಂಚಿಯ ಹತ್ತಿರದ ಪೊಲ್ಲಿಲೂರು. ಹೈದರಾಲಿ ಮತ್ತು ಟಿಪ್ಪು ಕಂಪನಿಯ ಪಡೆಯನ್ನು ನುಚ್ಚುನೂರು ಮಾಡಿದ ದಿನ. ಸೆರೆಸಿಕ್ಕ ಬೇಲಿಯನ್ನು ಇದೇ ಪಟ್ಟಣಕ್ಕೆ ತಂದರು. 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಅವನ ಸ್ಮಾರಕ ಹೈದರಾಲಿ, ಟಿಪ್ಪುವಿನ ಸಮಾಧಿಯಿರುವ ಗುಂಬಜ್ ಬಳಿ ಇದೆ. ಚಿತ್ರ ನೋಡಿದವರು ಅಲ್ಲಿಗೂ ಹೋಗಲೇಬೇಕು. ಪಲ್ಲಕ್ಕಿಯಲ್ಲಿ ಕಂಡ ಮನುಷ್ಯ ಕತೆಯವನಲ್ಲ ಎಂದು ಅಲ್ಲಿ ಎದೆಗೆ ತಟ್ಟುತ್ತದೆ.

ದೊಡ್ಡವನಾದ ಮೇಲೆ ತಿಳಿದ ಸಂಗತಿಯಂತೂ ನನ್ನನ್ನು ಮತ್ತೆ ಆ ಗೋಡೆಯ ಮುಂದೆ ನಿಲ್ಲಿಸಿತು. 1784ರ ಈ ಅರಮನೆಯ ಚಿತ್ರಗಳು 1799ರ ಬ್ರಿಟಿಷರ ಮುತ್ತಿಗೆಗೆ ಮೊದಲೇ ಕೆಟ್ಟಿದ್ದವು. ಅವನ್ನು ಮತ್ತೆ ಬರೆಸಿದವನು ಯಾರು ಗೊತ್ತೇ? ಪಟ್ಟಣ ಬಿದ್ದ ಮೇಲೆ ಇಲ್ಲೇ ವಾಸವಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ! ತನ್ನವರ ಸೋಲಿಗೆ ತಾನೇ ಬಣ್ಣ ಹಚ್ಚಿಸಿದ. ಆಮೇಲೆ ಯಾರೋ ಸುಣ್ಣ ಬಳಿದರು, ಯುದ್ಧ ಬಹುಪಾಲು ಅಳಿಸಿಹೋಯಿತು. ಗವರ್ನರ್ ಜನರಲ್ ಡಾಲ್‌ಹೌಸಿ ಬಂದು ನೋಡಿ, ಪುನಃ ಬರೆಸಿ ಎಂದು ಅಪ್ಪಣೆ ಕೊಟ್ಟ. ಹಳೆಯ ಚಿತ್ರವನ್ನು ಕಂಡು ನೆನಪಿಟ್ಟುಕೊಂಡಿದ್ದ ನಮ್ಮ ಕಲಾವಿದನೊಬ್ಬ ಸಿಕ್ಕಿದ. ಪಲ್ಲಕ್ಕಿ, ಬಂಡಿ, ದುರ್ಬೀನು ಎಲ್ಲವನ್ನೂ ತನ್ನ ನೆನಪಿನಿಂದಲೇ ಗೋಡೆಗೆ ಮರಳಿಸಿದ.