ದೀಪ ಇಂಜಿನ್ನಿನದು, ಕಾಯಿಲೆ ಮುಚ್ಚಳದ್ದು!

ಕೊಂಡಜ್ಜಿ: ಭಾನುವಾರ ಬಂತೆಂದರೆ ಕೊಂಡಜ್ಜಿ ಕೆರೆ ಏರಿಯ ಮೇಲೆ ಜನವೋ ಜನ. ದಾವಣಗೆರೆಯಿಂದ, ಹರಿಹರದಿಂದ ಬುತ್ತಿ ಕಟ್ಟಿಕೊಂಡು ಬರುವ ಸಂಸಾರಗಳು, ಸ್ಕೌಟ್ಸ್ ಶಿಬಿರಕ್ಕೆ ಬರುವ ಮಕ್ಕಳು, ಗುಡ್ಡ ಹತ್ತುವ ಹುಡುಗರು. ಅಂಥದೊಂದು ಭಾನುವಾರ ದಾವಣಗೆರೆಯ ಬಾಡಿಗೆ ಕಾರಿನ ಚಾಲಕರೊಬ್ಬರು ಏರಿ ಪಕ್ಕ ಗಾಡಿ ನಿಲ್ಲಿಸಿಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಸ್ಟೇರಿಂಗ್ ಮುಂದಿನ ಫಲಕದಲ್ಲಿ ಇಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತ್ತು. ಏನು ಮಾಡಿದರೂ ಆರಲೊಲ್ಲದು!

ಮಾರನೇ ದಿನ ಬೆಳಿಗ್ಗೆ ಶಿವಮೊಗ್ಗಕ್ಕೆ ಬಾಡಿಗೆ ಒಪ್ಪಿಕೊಂಡಾಗಿತ್ತು. ಐದನೇ ತಾರೀಖಿಗೆ ಸಾಲದ ಕಂತು. ಗಾಡಿ ಗ್ಯಾರೇಜ್ ಸೇರಿದರೆ ಎರಡಕ್ಕೂ ಕಲ್ಲು. ಫೋನಿನಲ್ಲಿ ಒಬ್ಬರು "ಸೆನ್ಸರ್ ಹೋಗಿರ್ಬೇಕು, ಏಳೆಂಟು ಸಾವಿರ ಇಟ್ಕಳ್ರಿ" ಎಂದರು. ಇನ್ನೊಬ್ಬರು "ಬ್ಯಾಟರಿ ವೈರ್ ಬಿಚ್ಚಿ ಹಾಕ್ರಿ, ತಾನೇ ಆರ್ತತಿ" ಎಂದರು. ಕಡೆಗೆ ಅಮೆರಿಕದಲ್ಲಿರುವ ಅಕ್ಕನ ಮಗನಿಗೆ ಫೋನ್ ಹೋಯಿತು.

"ಮಾಮಾ, ಮೊದ್ಲು ಗ್ಯಾಸ್ ಕ್ಯಾಪ್ ನೋಡು."

"ನಮ್ದು ಗ್ಯಾಸ್ ಗಾಡಿ ಅಲ್ಲಲೇ, ಪೆಟ್ರೋಲ್ ಗಾಡಿ!"

ಅಮೆರಿಕದವರು ಪೆಟ್ರೋಲಿಗೇ 'ಗ್ಯಾಸ್' ಎನ್ನುತ್ತಾರೆ. ಹುಡುಗ ಹೇಳಿದ್ದು ಪೆಟ್ರೋಲ್ ಟ್ಯಾಂಕಿನ ಮುಚ್ಚಳವನ್ನು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ರಿಂಗ್ ಬಿಸಿಲಿಗೆ ಒಣಗಿ ಸೀಳು ಬಿಟ್ಟಿತ್ತು.

ಮುಚ್ಚಳಕ್ಕೂ ಇಂಜಿನ್ನಿಗೂ ಏನು ಸಂಬಂಧ?

ಪೆಟ್ರೋಲು ಸುಮ್ಮನೆ ಇಟ್ಟರೂ ಆವಿಯಾಗುವ ಪದಾರ್ಥ. ಮೊದಲಿನ ಗಾಡಿಗಳಲ್ಲಿ ಈ ಆವಿ ಗಾಳಿಗೆ ಹೋಗುತ್ತಿತ್ತು. ಹೊಗೆ ನಿಯಮ ಬಿಗಿಯಾದ ಮೇಲೆ ಟ್ಯಾಂಕಿಗೆ ಇದ್ದಿಲು ತುಂಬಿದ ಒಂದು ಡಬ್ಬಿ ಜೋಡಿಸಿದರು. ಗಾಡಿ ನಿಂತಾಗ ಇದ್ದಿಲು ಆವಿಯನ್ನು ಹೀರಿಟ್ಟುಕೊಳ್ಳುತ್ತದೆ. ಇಂಜಿನ್ ಓಡುವಾಗ ಒಂದು ವಾಲ್ವ್ ತೆರೆದು ಆ ಆವಿ ಇಂಜಿನ್ನಿಗೇ ಹೋಗಿ ಉರಿಯುತ್ತದೆ. ಗಾಳಿಯೂ ಚೊಕ್ಕಟ, ಪೆಟ್ರೋಲೂ ಉಳಿತಾಯ.

ಈ ವ್ಯವಸ್ಥೆಯ ಬಾಯಿಯೇ ಟ್ಯಾಂಕಿನ ಮುಚ್ಚಳ. ಅಮೆರಿಕದಲ್ಲಿ 1996ರಿಂದ ಎಲ್ಲ ಹೊಸ ಕಾರುಗಳಲ್ಲೂ ದೋಷ ಪತ್ತೆ ಮಾಡುವ ಕಂಪ್ಯೂಟರ್ ಕಡ್ಡಾಯ. ಆವಿ ಸೋರುವ ದಾರಿಯಲ್ಲಿ ಒಂದು ಮಿಲಿಮೀಟರ್ ತೂತಿದ್ದರೂ ಅದು ಹಿಡಿಯಬೇಕು. ಆಮೇಲೆ ಅದು ಅರ್ಧ ಮಿಲಿಮೀಟರಿಗೆ ಇಳಿಯಿತು. ಹೀಗಾಗಿ ಅಲ್ಲಿ ಮುಚ್ಚಳ ಸಡಿಲವಾದರೆ ದೀಪ ಹತ್ತುವುದು ಮಾಮೂಲು. ಅದಕ್ಕೆಂದೇ ಪಿ-0457 ಎಂಬ ನಂಬರ್ ಕೂಡ ಇದೆ.

ಬಾಡಿಗೆ ಕಾರಿನ ಅದೃಷ್ಟ ಚೆನ್ನಾಗಿತ್ತು. ಆ ಮಾದರಿಯ ಕಂಪ್ಯೂಟರಿಗೆ ಈ ಪರೀಕ್ಷೆ ಇತ್ತು. ಹರಿಹರದ ಮೆಕ್ಯಾನಿಕ್ ಒಬ್ಬರು ಸಣ್ಣ ಯಂತ್ರ ಚುಚ್ಚಿ ನಂಬರ್ ಓದಿದರು, ಕೆಲವು ನೂರು ರೂಪಾಯಿಗೆ ಕಂಪನಿಯದೇ ಮುಚ್ಚಳ ಹಾಕಿಸಿದರು. ದೀಪ ಮಾತ್ರ ಆರಲಿಲ್ಲ!

"ಗಾಬ್ರಿ ಆಗ್ಬ್ಯಾಡ್ರಿ ಅಣ್ಣಾರ. ಅದು ಲೈಟ್ ಸ್ವಿಚ್ ಅಲ್ಲ. ಮೂರು ಸಲ ಗಾಡಿ ಓಡಿಸಿ ಪರೀಕ್ಷೆ ಪಾಸಾದ ಮ್ಯಾಲೆ ತಾನೇ ಆರ್ತತಿ" ಎಂದು ಮೆಕ್ಯಾನಿಕ್ ಸಮಾಧಾನ ಹೇಳಿದರು. ಮಾತು ನಿಜವೇ. ಇಂಜಿನ್ ಪೂರ್ತಿ ತಣ್ಣಗಾಗಿ ಮತ್ತೆ ಶುರುವಾಗಬೇಕು, ಟ್ಯಾಂಕು ತುಂಬಿ ತುಳುಕಲೂ ಬಾರದು, ಬರಿದಾಗಲೂ ಬಾರದು. ಆಗಲೇ ಕಂಪ್ಯೂಟರ್ ಆವಿಯ ಪರೀಕ್ಷೆ ಮಾಡುತ್ತದೆ. ಶಿವಮೊಗ್ಗದ ಬಾಡಿಗೆ ದೀಪ ಹೊತ್ತುಕೊಂಡೇ ಮುಗಿಯಿತು. ಬುಧವಾರ ಬೆಳಿಗ್ಗೆ ದೀಪ ಆರಿತು.

ಎಲ್ಲರ ಗಾಡಿಗೂ ಇದೇ ಮದ್ದಲ್ಲ

ಸುದ್ದಿ ಕಿವಿಯಿಂದ ಕಿವಿಗೆ ಹಬ್ಬಿತು. ಹರಿಹರದ ಕಿರಾಣಿ ಅಂಗಡಿಯವರೊಬ್ಬರ ಕಾರಿನಲ್ಲೂ ಅದೇ ದೀಪ. ಅವರೂ ಹೊಸ ಮುಚ್ಚಳ ತಂದು ಹಾಕಿ, ಮೂರು ದಿನವಲ್ಲ, ಎರಡು ವಾರ ಕಾದರು. ಅಷ್ಟರಲ್ಲಿ ದೀಪ ಮಿಣಮಿಣ ಮಿಟುಕತೊಡಗಿತು, ಏರಿನಲ್ಲಿ ಗಾಡಿ ಜಗ್ಗತೊಡಗಿತು. "ಮುಚ್ಚಳ ಹಾಕ್ಸೀನಲ್ಲ, ಆರ್ತತಿ ಬಿಡು" ಎಂದು ಓಡಿಸಿದರು. ನಂಬರ್ ಓದಿಸಿದಾಗ ಗೊತ್ತಾದದ್ದು ಬೇರೆ: ಒಂದು ಸಿಲಿಂಡರಿಗೆ ಕಿಡಿ ಸರಿಯಾಗಿ ಬೀಳುತ್ತಿರಲಿಲ್ಲ. ಸುಡದೆ ಉಳಿದ ಪೆಟ್ರೋಲು ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕನ್ವರ್ಟರಿಗೆ ಹೋಗಿ, ಅಲ್ಲಿ ಕಾದು ಅದನ್ನೂ ಕೆಡಿಸಿತ್ತು. ಪ್ಲಗ್ಗು, ಕಾಯಿಲಿಗೆ ಮುಗಿಯಬೇಕಾದ ಖರ್ಚು ಹತ್ತು ಪಟ್ಟಾಯಿತು.

ಇಲ್ಲೊಂದು ಮಾತು ಎಲ್ಲರೂ ತಿಳಿದಿರಬೇಕು. ನಮ್ಮ ದೇಶದಲ್ಲಿ ದೋಷ ಪತ್ತೆ ಕಂಪ್ಯೂಟರ್ 2010ರ ಏಪ್ರಿಲ್‌ನಿಂದ ಹಂತಹಂತವಾಗಿ ಬಂತು. 2020ರ ಏಪ್ರಿಲ್ 1ರಿಂದ ದೇಶದ ತುಂಬ ಬಿ.ಎಸ್.-6 ನಿಯಮ ಬಂತು, 2023ರ ಏಪ್ರಿಲ್‌ನಿಂದ ಅದು ಇನ್ನೂ ಬಿಗಿಯಾಯಿತು. ಆದರೆ ನಮ್ಮ ನಿಯಮ ಯುರೋಪಿನ ಜಾಡು ಹಿಡಿದದ್ದು. ಆವಿ ಸೋರಿಕೆ ಹಿಡಿಯುವುದರಲ್ಲಿ ಅಮೆರಿಕದಷ್ಟು ಕಟ್ಟುನಿಟ್ಟಿಲ್ಲ. ಹೀಗಾಗಿ ಇಲ್ಲಿನ ಬಹಳಷ್ಟು ಕಾರುಗಳಲ್ಲಿ ಮುಚ್ಚಳ ಸಡಿಲವಾದರೂ ದೀಪ ಹತ್ತುವುದೇ ಇಲ್ಲ. ದೀಪ ಹತ್ತಿದರೆ ಕಾರಣ ಬೇರೆಯೇ ಇರಬಹುದು. ಅಮೆರಿಕದ ವಿಡಿಯೋ ಮೊಬೈಲಿನಲ್ಲಿ ನೋಡಿ ಮುಚ್ಚಳ ಕೊಂಡರೆ ಅಂಗಡಿಯವನಿಗೆ ಲಾಭ, ಅಷ್ಟೇ. ಮೊದಲು ನಂಬರ್ ಓದಿಸುವುದೇ ಜಾಣತನ. ಓದುವ ಸಣ್ಣ ಯಂತ್ರ ಸಾವಿರ ರೂಪಾಯಿ ಒಳಗೂ ಸಿಗುತ್ತದೆ. ನಾಲ್ಕು ಜನ ಅಂಗಡಿಯವರು ಸೇರಿ ಒಂದು ಇಟ್ಟುಕೊಂಡರೂ ಆಯಿತು.

ಬ್ಯಾಟರಿ ವೈರ್ ಬಿಚ್ಚುವ ಮದ್ದಂತೂ ಬೇಡ. ಅದರಿಂದ ಕಂಪ್ಯೂಟರಿನ ನೆನಪು ಅಳಿಯುತ್ತದೆಯೇ ಹೊರತು ರೋಗ ವಾಸಿಯಾಗುವುದಿಲ್ಲ. ಮೆಕ್ಯಾನಿಕ್ ನೋಡಬೇಕಿದ್ದ ನಂಬರೂ ಹೋಗುತ್ತದೆ.

'ರೌಂಡ್ ಫಿಗರ್' ಕಾಟ

ಬಂಕಿನಲ್ಲಿ ಗನ್ನು ಟಕ್ ಎಂದು ತಾನೇ ನಿಂತ ಮೇಲೂ "ರೌಂಡ್ ಫಿಗರ್ ಮಾಡಪ್ಪ" ಎನ್ನುವವರು ನಮ್ಮಲ್ಲಿ ಬಹಳ. ಕಂಠಮಟ್ಟ ತುಂಬಿದ ಪೆಟ್ರೋಲು ಆವಿಯ ದಾರಿಯಲ್ಲಿ ಇದ್ದಿಲ ಡಬ್ಬಿಗೆ ನುಗ್ಗಿದರೆ ಡಬ್ಬಿ ಹಾಳು. ಮುಚ್ಚಳಕ್ಕಿಂತ ಅದು ಬಹಳ ದುಬಾರಿ. ಗನ್ನು ನಿಂತರೆ ಸಾಕು, ಚಿಲ್ಲರೆ ಲೆಕ್ಕ ಮೊಬೈಲಿನಲ್ಲಿ ಕೊಟ್ಟರಾಯಿತು.

ಮುಚ್ಚಳ ಬಂಕಿನಲ್ಲೇ ಮರೆತು ಬಂದವರು ಬಟ್ಟೆ ತುರುಕಿಕೊಂಡು ಓಡಾಡುವುದೂ ಉಂಟು. ಪೆಟ್ರೋಲಿನಲ್ಲಿ ನೆನೆದ ಬಟ್ಟೆ ಎಂದರೆ ಬತ್ತಿ ಇದ್ದ ಹಾಗೆ. ಒಂದು ಬೀಡಿ ಕಿಡಿ ಸಾಕು. ಮಳೆ ಬಂದರೆ ಟ್ಯಾಂಕಿಗೆ ನೀರು, ಕಣದ ಹಾದಿಯಲ್ಲಿ ಹೋದರೆ ಧೂಳು. ಬೇರೆ ಗಾಡಿಯ ಮುಚ್ಚಳ ಹಾಕುವುದೂ ತಪ್ಪು. ಕೆಲವು ಮುಚ್ಚಳಗಳಲ್ಲಿ ಗಾಳಿ ಒಳಬಿಡುವ ಸಣ್ಣ ವಾಲ್ವ್ ಇರುತ್ತದೆ. ಅದಿಲ್ಲದ್ದು ಹಾಕಿದರೆ ಪೆಟ್ರೋಲು ಇಳಿಯದೆ ಗಾಡಿ ದಾರಿಯಲ್ಲೇ ನಿಲ್ಲಬಹುದು.

ಬಸ್ಸಿಗೆ ಓಡಾಡುವವರು "ನಮಗ್ಯಾಕೆ ಈ ಪುರಾಣ?" ಎನ್ನಬಹುದು. ಡೀಸೆಲ್ ಬಸ್ಸಿಗೆ ಈ ಇದ್ದಿಲ ಡಬ್ಬಿ ಇಲ್ಲ, ಡೀಸೆಲ್ ಅಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ. ಆದರೆ ಮನೆಯಲ್ಲಿ ಮಗನ ಬೈಕ್ ಇದ್ದೀತು, ಮದುವೆಗೆ ಬಾಡಿಗೆ ಕಾರು ಹಿಡಿಯಬೇಕಾದೀತು. ಹೊಸ ಬೈಕುಗಳಲ್ಲೂ ಈಗ ಇದೇ ಹಳದಿ ದೀಪ ಇದೆ.

ನೆನಪಿಡಬೇಕಾದದ್ದು ಇಷ್ಟೇ. ಹಳದಿ ದೀಪ ಸ್ಥಿರವಾಗಿ ಉರಿದು ಗಾಡಿ ಮಾಮೂಲಿನಂತೆ ಓಡುತ್ತಿದ್ದರೆ ನಿಧಾನವಾಗಿ ಓಡಿಸಿಕೊಂಡು ಮೆಕ್ಯಾನಿಕ್ ಹತ್ತಿರ ಹೋಗಬಹುದು. ಮಿಟುಕಿದರೆ ವೇಗ ಇಳಿಸಿ, ಬೇಗ ಪಕ್ಕಕ್ಕೆ ನಿಲ್ಲಿಸಬೇಕು. ಆಯಿಲ್ ಅಥವಾ ಬಿಸಿಯ ಕೆಂಪು ದೀಪ ಬಂದರೆ ಒಂದು ಫರ್ಲಾಂಗೂ ಮುಂದೆ ಹೋಗಬಾರದು. ಪೆಟ್ರೋಲ್ ವಾಸನೆ ಬಂದರಂತೂ ದೀಪ ಹತ್ತಲಿ ಬಿಡಲಿ, ಅಲ್ಲೇ ಇಳಿದು ನೋಡಬೇಕು.

ಕೊಂಡಜ್ಜಿ ಏರಿ ಮೇಲೆ ತಲೆ ಮೇಲೆ ಕೈ ಹೊತ್ತಿದ್ದ ಚಾಲಕರು ಈಗ ಬಂಕಿನಲ್ಲಿ ಮುಚ್ಚಳವನ್ನು ಹುಡುಗರ ಕೈಗೆ ಬಿಡುವುದಿಲ್ಲ. ತಾವೇ ಇಳಿದು, ಟಿಕ್ ಟಿಕ್ ಎನ್ನುವವರೆಗೆ ತಿರುಗಿಸಿ, ರಬ್ಬರ್ ರಿಂಗ್ ಮೇಲೊಮ್ಮೆ ಬೆರಳಾಡಿಸಿ ನೋಡಿಯೇ ಹೊರಡುತ್ತಾರೆ. ಹಿಂದಿನ ಗಾಡಿಯವರು ಹಾರ್ನ್ ಹೊಡೆದರೆ "ತಡೀರಿ ಯಜಮಾನ್ರ, ಒಂದೇ ನಿಮಿಷ" ಎನ್ನುತ್ತಾರೆ.